ಹನ್ನೊಂದು ಕೊನೆ, ಒಂದು ಸಹಿ

ಮಾರ್ಚ್ 3, ಸೋಮವಾರ. ಊಟದ ಬಿಡುವು

ಬೆಳಗಿನಿಂದ ಒಂಬತ್ತು ಜೋಡಿ ಕಣ್ಣು. ಮೊದಲನೆಯ ಗಾಜಿನಲ್ಲಿ ಚೆನ್ನಾಗಿ ಕಾಣುತ್ತಾ, ಎರಡನೆಯದರಲ್ಲಾ — ಕೇಳಿ ಕೇಳಿ ನಾಲಗೆ ಬಿದ್ದುಹೋಯಿತು. ಕೊನೆಗೆ ಬಂದ ನಿವೃತ್ತ ಮೇಷ್ಟ್ರು, "ನೀವೇ ಒಂದು ಹೇಳ್ಬಿಡಿ ತಾಯಿ, ನಂಗೆ ಎರಡೂ ಒಂದೇ" ಅಂದರು. ಕನ್ನಡಕದಂಗಡಿಯಲ್ಲಿ ಆರು ವರ್ಷ ಹೀಗೆ ಕಣ್ಣು ಪರೀಕ್ಷೆ ಮಾಡಿದವಳಿಗೆ ಇದೋ ಅದೋ ಎಂದು ಕೇಳುವ ಕಥೆ ಬರೆಯುವ ಹುಚ್ಚು ಹಿಡಿದದ್ದರಲ್ಲಿ ಆಶ್ಚರ್ಯವೇನಿದೆ?

ನಿನ್ನೆ ಮುಗಿಯಿತು. ಫೋನಿನಲ್ಲಿ ಓದುವ ಕಥೆ. ಪ್ರತಿ ಪುಟದ ಕೊನೆಗೆ ಎರಡು ಮೂರು ದಾರಿ. ಓದುವವರು ಯಾವುದನ್ನು ಒತ್ತುತ್ತಾರೋ ಕಥೆ ಆ ಕಡೆ ಹೊರಳುತ್ತದೆ. ನಡುಗಡಲಲ್ಲಿ ಹಡಗು, ಕಪ್ತಾನ ಕಾಣೆ. ಅಡುಗೆಯವಳು ಚುಕ್ಕಾಣಿ ಹಿಡಿಯಬೇಕೋ ಬೇಡವೋ? ಓದುವವರಿಗೆ ಬಿಟ್ಟದ್ದು. ಒಟ್ಟು ಹನ್ನೊಂದು ಕೊನೆ. ಬರೆದದ್ದು ನಾನು. ಅದು ಓಡುವ ಹಾಗೆ ಪ್ರೋಗ್ರಾಂ ಮಾಡಿದ್ದು ತಂಗಿ. ಎರಡು ವರ್ಷ, ಒಂದು ಭಾನುವಾರವೂ ಬಿಡದೆ.

"ಅಕ್ಕಾ, ನಾವೇ ಹಾಕ್ಬಿಡೋಣ. ಒಂದು ಬಟನ್ ಒತ್ತಿದ್ರೆ ಆಯ್ತು. ಯಾರ ಕೈಕಾಲೂ ಹಿಡಿಯೋದು ಬೇಡ" ಅಂದಳು.

ಹೂಂ ಎಂದೆ. ಹೇಳದೆ ಉಳಿಸಿಕೊಂಡದ್ದು: ಇಂಥ ಕಥೆಗಳನ್ನೇ ಹೊರತರುವ ಪ್ರಕಾಶಕರಿಗೊಂದು ಕರಡು ಕಳಿಸಿದ್ದೇನೆ. ಸುಮ್ಮನೆ. ಉತ್ತರ ಬರುವುದಿಲ್ಲ ಬಿಡು.

ಮಾರ್ಚ್ 12, ಬುಧವಾರ

ಬಂತು! ಉತ್ತರ ಬಂತು! ಸಂಪಾದಕಿಯೇ ಫೋನ್ ಮಾಡಿದ್ದರು. ಪರೀಕ್ಷೆ ಕೋಣೆಯ ಬಾಗಿಲು ಹಾಕಿಕೊಂಡು ಮಾತಾಡಿದೆ.

"ನಿಮ್ಮ ಕಥೆ ನಮಗೆ ಬೇಕು" ಅಂದರು. ಗಿರಾಕಿಗಳ ಕುರ್ಚಿಯಲ್ಲಿ ಕುಸಿದು ಕೂತೆ. ಆಮೇಲೆ — "ಒಂದು ಕೇಳ್ಲಾ? ಅಡುಗೆಯವಳು ಚುಕ್ಕಾಣಿ ಬೇಡ ಅಂತ ಒಲೆ ಮುಂದೇನೇ ಉಳಿದ್ರೆ ಮೂರೇ ಪುಟಕ್ಕೆ ಹಡಗು ಮುಳುಗಿಸಿದೀರಲ್ಲ. ಅವಳ ಮೇಲೆ ಯಾಕೆ ಅಷ್ಟು ಸಿಟ್ಟು?"

"ಧೈರ್ಯ ಮಾಡ್ಲಿಲ್ವಲ್ಲ ಮೇಡಂ ಅವಳು..."

"ಒಲೆ ಬಿಡದೇನೂ ಹಡಗು ಉಳಿಸ್ಬಹುದು. ಊಟಕ್ಕೆ ಕೂತವರ ಬಾಯಲ್ಲಿ ಹಡಗಿನ ಗುಟ್ಟೆಲ್ಲ ಇರುತ್ತೆ, ಅಲ್ವಾ?"

ಎರಡು ವರ್ಷ ಆ ಹೆಂಗಸಿನ ಜೊತೆ ಬದುಕಿದ್ದೇನೆ, ನನಗೇ ಹೊಳೆದಿರಲಿಲ್ಲ. ಇಂಥ ಪ್ರಶ್ನೆ ಕೇಳುವವರು ಒಬ್ಬರು ಬೇಕು. ನಾವೇ ಹಾಕಿದರೆ ಯಾರು ಕೇಳುತ್ತಾರೆ? ನೆಂಟರು "ಸೂಪರ್" ಅಂತಾರೆ, ಮುಗೀತು.

ಆದರೆ ಒಂದು ಮುಳ್ಳು. ಅಲ್ಲಿ ಕಥೆ ಓಡುವುದು ಅವರದೇ ಪ್ರೋಗ್ರಾಮಿನಲ್ಲಿ. ತಂಗಿ ಮಾಡಿದ್ದು ಬೇಕಾಗುವುದಿಲ್ಲ.

ಮಾರ್ಚ್ 13, ಗುರುವಾರ

ತಂಗಿಗೆ ಎಲ್ಲ ಹೇಳಿದೆ, ಸಂಪಾದಕಿ ಕೇಳಿದ ಒಲೆಯ ಪ್ರಶ್ನೆಯನ್ನೂ. ಅಮ್ಮ ಹಾಲ್‌ನಲ್ಲೇ ಬಟ್ಟೆ ಮಡಚುತ್ತಿದ್ದಳು.

ಕೂಗಾಡಲಿಲ್ಲ ತಂಗಿ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. "ಯಾವಾಗ ಕಳ್ಸಿದ್ದೆ?" ಎಂದಳು. ಹೋದ ತಿಂಗಳು ಎಂದೆ. "ಅಂದ್ರೆ ನಾನು ಕೂತು ತಪ್ಪು ತಿದ್ದುತಾ ಇದ್ದಾಗ. ನನ್ನ ಅಷ್ಟೂ ಭಾನುವಾರ ಏನಾಯ್ತು ಅಕ್ಕಾ?"

ಚಪ್ಪಲಿ ಮೆಟ್ಟಿ ಹೋದಳು. ಎರಡು ಬೀದಿ ಆಚೆಗೆ ಅವಳ ಮನೆ. ಇವತ್ತು ಏಳು ಸಮುದ್ರ ಆಚೆಗಿದ್ದಂತಿತ್ತು.

"ಪ್ರಕಾಶಕರ ಹತ್ರ ಹೋಗಿದ್ದು ತಪ್ಪಲ್ಲ ಕಣೇ. ಬಚ್ಚಿಟ್ಟು ಹೋಗಿದ್ದು ತಪ್ಪು" ಅಂದಳು ಅಮ್ಮ. ಮಡಚಿದ್ದ ಟವೆಲನ್ನು ಬಿಚ್ಚಿ ಮತ್ತೆ ಮಡಚಿದಳು.

ಮಾರ್ಚ್ 19, ಬುಧವಾರ

ಐದು ದಿನ ತಂಗಿ ಫೋನ್ ಎತ್ತಲಿಲ್ಲ. ಸಂಪಾದಕಿಗೆ ಬೇಡ ಎಂದು ಬರೆದಿಟ್ಟಿದ್ದೆ — ಕಳಿಸುವುದೊಂದು ಬಾಕಿ.

ಇವತ್ತು ಹನ್ನೊಂದಕ್ಕೆ "ಮುಂದಿನವರು ಬನ್ನಿ" ಎಂದೆ. ಒಳಗೆ ಬಂದವಳು ತಂಗಿ! ಚೀಟಿ ಮಾಡಿಸಿಕೊಂಡು, ಸಾಲಿನಲ್ಲಿ ಕೂತು ಬಂದಿದ್ದಾಳೆ ಪುಣ್ಯಾತ್ಗಿತ್ತಿ. ನಾನೂ ಬಿಗುಮಾನ ಬಿಡಲಿಲ್ಲ. ಗಾಜು ಹಾಕಿದೆ.

"ಮೊದಲನೇದಾ, ಎರಡನೇದಾ?"

"ಎರಡರಲ್ಲೂ ನೀನು ಸುಳ್ಳಿಯ ಥರಾನೇ ಕಾಣ್ತೀಯ."

ನಗು ತಡೆಯಲು ಹೋಗಿ ಕೆಮ್ಮು ಬಂತು. ತಪ್ಪಾಯ್ತು ಕಣೇ, ಕೇಳದೆ ಕಳಿಸಬಾರದಿತ್ತು ಎಂದೆ. ಬೇಡವೆಂದು ಬರೆದಿಟ್ಟದ್ದನ್ನು ತೋರಿಸಿದೆ. ಓದಿದಳು, ಅಳಿಸಿಹಾಕಿದಳು.

"ಹುಚ್ಚಿ. ಆ ಒಲೆ ಮುಂದಿನ ದಾರೀಲಿ ನಾನು ನೂರು ಸಲ ಹೋಗಿದೀನಿ. ಬಟನ್ ಕೆಲ್ಸ ಮಾಡುತ್ತಾ ಅಂತ ನೋಡ್ದೆ, ಅಷ್ಟೇ. ಅವಳನ್ಯಾಕೆ ಮುಳುಗಿಸ್ತೀಯ ಅಂತ ಒಂದು ಸಲಾನೂ ಕೇಳ್ಲಿಲ್ಲ. ಆಯಮ್ಮ ಕೇಳಿದ್ರು. ಹೊಟ್ಟೆ ಉರೀತು, ನಿಜ. ಆದ್ರೆ ಕಥೆ ಅವರ ಹತ್ರಾನೇ ಹೋಗ್ಲಿ. ಸಹಿ ಹಾಕೋಕೆ ಮುಂಚೆ ನಾನೂ ಬರ್ತೀನಿ. ನೀನು ಎಲ್ಲದಕ್ಕೂ ಹೂಂ ಅನ್ನೋಳು."

ಹೊರಗೆ ಮಾಲೀಕರು ಕೆಮ್ಮಿದರು. ಸಾಲು ಬೆಳೆದಿತ್ತು.

ಅಂದ ಹಾಗೆ, ಅವಳ ಬಲಗಣ್ಣಿಗೆ ನಿಜವಾಗಿಯೂ ಕನ್ನಡಕ ಬೇಕು.

ಮಾರ್ಚ್ 28, ಶುಕ್ರವಾರ

ಪ್ರಕಾಶಕರ ಕಚೇರಿ ಅಂದರೆ ಸೈಕಲ್ ಅಂಗಡಿಯ ಮೇಲೆ ಎರಡೇ ಕೋಣೆ. ಗೋಡೆ ತುಂಬ ಕಥೆಗಳ ನಕ್ಷೆ — ಬೇರುಗಳ ಹಾಗೆ ಕವಲು ಕವಲು. ಸಂಪಾದಕಿ ನಾನಂದುಕೊಂಡದ್ದಕ್ಕಿಂತ ಕುಳ್ಳಿ. ದನಿ ಮಾತ್ರ ಫೋನಿನದ್ದೇ.

ತಂಗಿ ಪ್ರಶ್ನೆ ಬರೆದ ಹಾಳೆ ತೆಗೆದಳು. ವಕೀಲೆ ಸೋಲಬೇಕು. ಅಕ್ಕನ್ನ ಕೇಳದೆ ಒಂದು ಸಾಲಾದ್ರೂ ಬದಲಾಯಿಸ್ತೀರಾ? ಹಕ್ಕು ಯಾವಾಗ ವಾಪಸ್ ಬರುತ್ತೆ? ನೀವು ಬಾಗಿಲು ಹಾಕಿದ್ರೆ ಕಥೆ ಗತಿ ಏನು? ಒಂದೊಂದಕ್ಕೂ ಸಂಪಾದಕಿ ಒಪ್ಪಂದದ ಸಾಲು ತೋರಿಸುತ್ತ ಹೋದರು. ಬಾಗಿಲು ಹಾಕಿದರೆ ಕಥೆ ಆ ದಿನವೇ ನನಗೆ. ಎಷ್ಟು ಜನ ಓದ್ತಾರೆ ಅಂದದ್ದಕ್ಕೆ ಮಾತ್ರ, "ಗೊತ್ತಿಲ್ಲಮ್ಮ. ಹೇಳಿದ್ರೆ ಸುಳ್ಳಾಗುತ್ತೆ" ಎಂದರು.

ತಂಗಿ ನನ್ನ ಕಿವಿಯಲ್ಲಿ, "ಇವರನ್ನ ನಂಬಬಹುದು. ಹಾಕು ಸಹಿ" ಅಂದಳು.

ಹಾಕಿದೆ. ನಮ್ಮ ಪ್ರೋಗ್ರಾಮಿನ ತಪ್ಪು ಹುಡುಕಲು ಒಬ್ಬರು ಬೇಕಿದ್ದಾರೆ, ಬರ್ತೀರಾ ಎಂದು ಸಂಪಾದಕಿ ತಂಗಿಯನ್ನೇ ಕೇಳಿದರು. ಯೋಚನೆ ಮಾಡುವವಳ ಹಾಗೆ ನಟಿಸಿದಳು. ಅರ್ಧ ನಿಮಿಷ.

ಮೇ 4, ಭಾನುವಾರ. ಬೆಳಿಗ್ಗೆ

ಒಲೆ ಮುಂದಿನ ದಾರಿ ಮೂರು ಪುಟ ಇದ್ದದ್ದು ನಲವತ್ತಾಗಿದೆ. ಅಡುಗೆಯವಳು ಬಡಿಸುತ್ತ ಬಡಿಸುತ್ತ ಕಪ್ತಾನನನ್ನು ಎಲ್ಲಿ ಅಡಗಿಸಿದ್ದಾರೆಂದು ಪತ್ತೆ ಮಾಡಿದಳು! ನಾನು ಹೇಳಿಕೊಡಲಿಲ್ಲ, ಅವಳೇ ಮಾಡಿದಳು. ಎದ್ದು ಕೋಣೆ ತುಂಬ ಎರಡು ಸುತ್ತು ಕುಣಿದೆ. ಕೆಳಗಿನ ಮನೆಯವರು ಕೋಲಿನಿಂದ ಸೂರು ಕುಟ್ಟಿದರು.

ಜುಲೈ 21, ಸೋಮವಾರ

ತಂಗಿ ಅವರ ಪ್ರೋಗ್ರಾಮಿನಲ್ಲಿ ತಪ್ಪು ಹಿಡಿದು ಹಿಡಿದು ಹಬ್ಬ ಮಾಡುತ್ತಿದ್ದಾಳೆ. ಇವತ್ತಿನದು: ಆರನೆಯ ಪುಟದಲ್ಲಿ ಸತ್ತ ನಾವಿಕ ಹದಿನಾಲ್ಕರಲ್ಲಿ ಎರಡನೇ ಸಲ ಸಾರು ಕೇಳುತ್ತಾನೆ. "ನನ್ನ ಪ್ರೋಗ್ರಾಮಲ್ಲಿ ಸತ್ತವರು ಸತ್ತೇ ಇರ್ತಿದ್ರು" ಅಂತ ಸಂಪಾದಕಿಗೇ ಹೇಳಿದಳಂತೆ. ಅವರು ಬಿದ್ದು ಬಿದ್ದು ನಕ್ಕರಂತೆ.

ಸೆಪ್ಟೆಂಬರ್ 14, ಭಾನುವಾರ. ಬೆಳಿಗ್ಗೆ 9.10

ಬಿಡುಗಡೆಯಾಗಿ ಒಂದು ಗಂಟೆ. ಶೀರ್ಷಿಕೆಯ ಕೆಳಗೆ ನನ್ನ ಹೆಸರು. ಕೊನೆಯ ಪುಟದಲ್ಲಿ "ಮೊದಲ ರೂಪ ಕಟ್ಟಿದವರು" ಎಂದು ತಂಗಿಯದು. ನನಗೂ ಗೊತ್ತಿರಲಿಲ್ಲ, ಸಂಪಾದಕಿಯ ಕೆಲಸ. ಅದನ್ನು ನೋಡಿ ತಂಗಿ ಸ್ನಾನದ ಮನೆಗೆ ಓಡಿ ಬಾಗಿಲು ಹಾಕಿಕೊಂಡಳು. ಈಗ ಹೊರಗೆ ಬಂದು, ಕಣ್ಣಿಗೆ ಸೋಪು ಹೋಯಿತು ಅನ್ನುತ್ತಿದ್ದಾಳೆ.

ಅಮ್ಮ ಓದುತ್ತಿದ್ದಾಳೆ. ನಾನು ಬರೆದದ್ದನ್ನು ಅವಳು ಓದುವುದು ಇದೇ ಮೊದಲು. ಕಪ್ತಾನ ಕಾಣೆಯಾದಲ್ಲಿಗೆ ಬಂದು ನಿಂತಿದ್ದಾಳೆ. "ಯಾವುದು ಒತ್ಲೇ?" ಎಂದಳು. ನಿನ್ನಿಷ್ಟ ಎಂದೆ. "ಅವಸರ ಮಾಡ್ಬೇಡಿ. ಹಡಗು ತುಂಬ ಜನ ಇದಾರೆ" ಎಂದು ಫೋನು ಮೇಜಿನ ಮೇಲಿಟ್ಟು ಗಿಡಕ್ಕೆ ನೀರು ಹಾಕಿ ಬಂದಳು. ಕೂತಳು. ಮತ್ತೆ ಎದ್ದಳು. ಕಿಟಕಿ ಒರೆಸಿದಳು. ತಂಗಿ, ನಾನು ಉಸಿರು ಬಿಗಿಹಿಡಿದು ಕೂತಿದ್ದೇವೆ, ನಮ್ಮದೇ ಕಥೆ ಗೊತ್ತಿಲ್ಲದವರ ಹಾಗೆ.

ಅಮ್ಮ ಕರೆಯುತ್ತಿದ್ದಾಳೆ. ನಿರ್ಧಾರ ಆಯಿತಂತೆ. ಒತ್ತೇಬಿಡ್ತೀನಿ ಅನ್ನುತ್ತಾಳೆ — ತಡಿಯಮ್ಮಾ, ಬಂದೆ, ಬಂ