ಚೀಸ್ ತಟ್ಟಿದ ಮೊಮ್ಮಗಳು

ಅಪ್ಪಾ,

ನೀವು ಅಮ್ಮನ ಕೈಲಿ ಕಳಿಸಿದ ಗಟ್ಟಿ ಚೀಸನ್ನು ನಿಮ್ಮ ಮೊಮ್ಮಗಳು ಇವತ್ತು ಮೊದಲ ಸಲ ತಿಂದಳು! ನೀವು ಹೆಚ್ಚಿಟ್ಟಿದ್ದ ತುಂಡುಗಳು ಅವಳ ಗಂಟಲಲ್ಲಿ ಸಿಕ್ಕಿಕೊಂಡಾವು ಎಂದು ನಾನೇ ತಿಂದು ಮುಗಿಸಿದೆ, ಬೈಬೇಡಿ. ಉಳಿದ ಉಂಡೆಯಿಂದ ಒಂದು ಚಿಟಿಕೆ ನುಣ್ಣಗೆ ತುರಿದು, ಹಿಸುಕಿದ ಆಲೂಗಡ್ಡೆಗೆ ಬೆರೆಸಿ, ನೆಟ್ಟಗೆ ಕೂರಿಸಿ ತಿನ್ನಿಸಿದೆ. ಮೈಮೇಲೆ ಗುಳ್ಳೆ ಏಳಲಿಲ್ಲ, ವಾಂತಿಯೂ ಇಲ್ಲ. ಬಟ್ಟಲನ್ನೇ ನೆಕ್ಕಿಬಿಟ್ಟಳು!

ಆಮೇಲೆ ಏನಾಯ್ತು ಗೊತ್ತಾ? ಆ ಉಂಡೆಯನ್ನು ಎಳೆದುಕೊಂಡು, ಹದ ಬಂದಿದೆಯೋ ಎಂದು ಡೇರಿಯಲ್ಲಿ ನೀವು ನೋಡುವ ಹಾಗೆಯೇ, ಮುಷ್ಟಿಯಿಂದ ತಟ್ಟಿ ಕಿವಿಯಿಟ್ಟಳು! ನಾನು ಹೇಳಿಕೊಟ್ಟಿಲ್ಲ, ನಿಮ್ಮಾಣೆ. ನನ್ನ ಹೊಸ್ತಿಲು ತುಳಿಯಲ್ಲ ಎಂದ ಅಜ್ಜನನ್ನು ಅವಳು ನೋಡಿಯೇ ಇಲ್ಲವಲ್ಲ.

ಸಣ್ಣ ತೂತಿನ ತುರಿಮಣೆ ಬೇಕಾಗಿದೆ. ಅಮ್ಮನ ಕೈಲಿ ಕಳಿಸಬೇಡಿ.

ನಿಮ್ಮ ಮೊಂಡು ಮಗಳು