ಕುರ್ಚಿ ಕಾಲಿಗೆ ಸಾಕ್ಸು

ಮಾರ್ಚ್ ೧೧, ಮಂಗಳವಾರ

ಇವತ್ತು ಶಾಲೆಯಿಂದ ಫೋನ್ ಬರಲಿಲ್ಲ. ಮಗಳು ಯಾರನ್ನೂ ಕಚ್ಚಲಿಲ್ಲ.

"ಸುಮ್ಸುಮ್ನೆ ಕಚ್ತಾಳೆ" ಎನ್ನುತ್ತಿದ್ದರು ಟೀಚರ್. ಮನೆಯಲ್ಲಿ ಹಸುವಿನಂಥ ಮಗು. ಟೀಚರೇ ಸುಳ್ಳು ಹೇಳುತ್ತಾರೆಂದು ಒಳಗೊಳಗೇ ಕುದಿಯುತ್ತಿದ್ದೆ. ಅವರಿಗೂ ನನ್ನ ಮೇಲೆ ಅದೇ ಅನುಮಾನವಿತ್ತೋ ಏನೋ. ಮಗಳನ್ನು ಕೇಳಿದರೆ ಬಾಯಿಗೆ ಬೀಗ.

ಕೌನ್ಸೆಲರ್ ಮೇಡಂ ಇಬ್ಬರ ಮಾತನ್ನೂ ಕೇಳಿ, "ನಾನೇ ಬಂದು ನೋಡ್ತೀನಿ" ಅಂದಿದ್ದರು. ನಿನ್ನೆ ಬೆಳಗ್ಗೆಯೆಲ್ಲ ತರಗತಿಯ ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದರಂತೆ. ಚಿತ್ರ ಬರೆದು ಮುಗಿಸಿ ಮಕ್ಕಳೆಲ್ಲ ಕಬ್ಬಿಣದ ಕುರ್ಚಿಗಳನ್ನು ಕರಕರ ಎಳೆದರು. ಇವಳು ಕಿವಿ ಮುಚ್ಚಿಕೊಂಡಳು. ಸದ್ದು ನಿಲ್ಲದಿದ್ದಾಗ ಪಕ್ಕದವನನ್ನು ಕಚ್ಚಿದಳು. ಟೀಚರ್ ಆ ಹೊತ್ತಿಗೆ ಬೆನ್ನು ತಿರುಗಿಸಿ ಬ್ರಶ್ ತೊಳೆಯುತ್ತಿರುತ್ತಾರೆ. ನಮ್ಮ ಮನೆಯಲ್ಲಿ ಎಲ್ಲರೂ ಕೂರುವುದು ಚಾಪೆಯ ಮೇಲೆ. ಯಾರಿಗೆ ತಾನೇ ಗೊತ್ತಾಗಬೇಕು?

ನಮ್ಮನೆಯವರ ಹಳೆಯ ಸಾಕ್ಸುಗಳನ್ನು ಕತ್ತರಿಸಿ ಒಯ್ದೆ. ಬೆಳಗ್ಗೆ ನಾನೂ ಟೀಚರೂ ನೆಲದಲ್ಲಿ ಕೂತು ಕುರ್ಚಿ ಕಾಲುಗಳಿಗೆಲ್ಲ ತೊಡಿಸಿದೆವು. "ನಿಮ್ಮನೆಯವರು ನಾಳೆ ಏನ್ ಹಾಕ್ಕೋತಾರೆ?" ಎಂದು ಟೀಚರ್ ನಕ್ಕರು. ನಾವಿಬ್ಬರೂ ಒಟ್ಟಿಗೆ ನಕ್ಕಿದ್ದು ಇದೇ ಮೊದಲು.

ಮೇಡಂಗೆ ಥ್ಯಾಂಕ್ಸ್ ಹೇಳಿದರೆ, "ನಾನೇನ್ ಮಾಡ್ದೆ, ಕೂತಿದ್ದೆ ಅಷ್ಟೆ" ಅಂದರು. ಹಾಗೆ ಕೂರುವವರು ಎಷ್ಟು ಜನ ಸಿಗುತ್ತಾರೆ? ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

ಕಣ್ಣೆಳೆಯುತ್ತಿದೆ. ಇದೊಂದು ಬರೆದು ಮಲಗುತ್ತೇನೆ. ಹಾಸಿಗೆಗೆ ಬಂದ ಮಗಳು ಕೇಳದೆಯೇ ಹೇಳಿದಳು: "ಅಮ್ಮ, ಇವತ್ತು ಕುರ್ಚಿಗಳು ಕಿರುಚಲೇ ಇಲ್ಲ."