ಪುಣೆಗೆ ಒಯ್ದ ಪಂಚಮಿ ಉಂಡಿ

ಮುರಗೋಡ, ಶ್ರಾವಣ, 2003

ಗುರವ್ವಕ್ಕಗ ತಮ್ಮ ಬಸವಲಿಂಗನ ಶರಣು.

ನೀ ತೀರಿಹೋಗಿ ಒಂಬತ್ತು ವರ್ಷಾತು. ಮೊನ್ನಿ ಪಂಚಮಿ ಉಂಡಿ ತಗೊಂಡು ಪುಣೆಕ್ಕ ಹೋಗಿ ನಿನ್ನ ಮಗಳು ಶೈಲಾನ್ನ ನೋಡಿಬಂದೆ. ಕ್ಯಾನ್ಸರ್ ಮ್ಯಾಲೆ ಪಿಎಚ್‌ಡಿ ಮಾಡಾಕತ್ತಾಳ. ಊರಾಗ ನಾ ಆಗಲೇ ಆಕಿನ್ನ ದೊಡ್ಡ ಡಾಕ್ಟರ್ ಮಾಡಿಟ್ಟೇನಿ ಬಿಡು.

ತನ್ನ ಲ್ಯಾಬಿನಾಗ ಅಂಗೈಯಷ್ಟು ಗಾಜಿನ ತಾಟು ತಗದು ಮೈಕ್ರೋಸ್ಕೋಪಿನಾಗ ತೋರಿಸಿದ್ಲು. "ಇವು ಜೀವಂತ ಕ್ಯಾನ್ಸರ್ ಕೋಶ, ಮಾಮಾ. ಇವಕ್ಕ ನಾನ ಊಟಾ ಹಾಕ್ತೇನಿ. ನಿನ್ನಿಗಿಂತ ಇವತ್ತ ಎರಡರಷ್ಟಾಗ್ಯಾವ."

"ಒಂದ ದಿನದಾಗ?" ಅಂದೆ.

"ಮೈಯಾಗ ಇಷ್ಟು ಲಗೂ ಬೆಳಿಯೂದಿಲ್ಲ. ಆದ್ರ ನಿಲ್ಲೂದೂ ಇಲ್ಲ." ಆಮ್ಯಾಲೆ ಮೆಲ್ಲಕ ಕೇಳಿದ್ಲು, "ಎದಿಯಾಗ ಗಂಟು ಐತಿ ಅಂತ ಅವ್ವ ಮೊದಲ ಯಾರಿಗೆ ಹೇಳಿದ್ಲು, ಮಾಮಾ?"

ಪಂಚಮಿ ಮುಗಿಸಿ ನಿನ್ನ ಗಂಡನ ಮನಿಗೆ ಕಳಸೂಮುಂದ ಸವದತ್ತಿ ಬಸ್‌ಸ್ಟ್ಯಾಂಡಿನಾಗ ನನಗ ಹೇಳಿದ್ದಿ. "ಉಂಡಿ ಭಾಳ ತಿಂದಿ, ಅದ ಗಂಟಾಗೇತಿ" ಅಂದೆ. ನೀನೂ ನಕ್ಕಿ. ನನ್ನ ಮಗನ ಮದುವಿ ಮುಗೀಲಿ, ದವಾಖಾನಿಗೆ ಹೋಗೂಣು ಅಂದಿದ್ದೆ. ಮದುವಿ ಆಗಿದ್ದು ಒಂಬತ್ತು ತಿಂಗಳ ಮ್ಯಾಲೆ, ವೈಶಾಖದಾಗ.

ಯಾವ ಮಾತಿಗೂ ಉತ್ತರ ಇಟಗೊಂಡಾವ ನಾನು, "ಗೊತ್ತಿಲ್ಲವಾ" ಅಂದೆ. ಶೈಲಾ ನಂಬಿದ್ಲು. ಹೊರಗ ಬಂದು ಕಟ್ಟಿ ಮ್ಯಾಲೆ ಕುಂತು ಡಬ್ಬಿ ತಗದು, ಮೊದಲನೇ ಉಂಡಿ ನನ್ನ ಕೈಯಾಗ ಇಟ್ಲು.